ಎಲ್ಲಿಂದ ನಾಲ್ಕಡಿ

ನಮ್ಮಪ್ಪನನ್ನು ಎಲ್ಲರೂ ಸೊನ್ನೆ ಮೇಸ್ತ್ರಿ ಅನ್ನುತ್ತಿದ್ದರು. ಗೊತ್ತಿಲ್ಲದವರು ಕೇಳಿ ನಗುತ್ತಿದ್ದರು, ಕೈಲಾಗದವನಿಗೆ ಇಟ್ಟ ಹೆಸರು ಅಂದುಕೊಳ್ಳುತ್ತಿದ್ದರು. ಅಂಥವರ ಜೊತೆ ನಾನು ಚಿಕ್ಕವಳಿದ್ದಾಗ ಜಗಳಕ್ಕೇ ನಿಂತಿದ್ದೇನೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಈಗ ಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಬೇಕಿದ್ದರೆ ನನ್ನ ತರಗತಿಯ ಮಕ್ಕಳನ್ನು ಕೇಳಿ, ಹೇಳುತ್ತಾರೆ. ಅಪ್ಪನಿಗೆ ಮಾತ್ರ ಆ ಹೆಸರಿನಿಂದ ಬೇಜಾರಾಗಿದ್ದನ್ನು ನಾನು ನೋಡಿಲ್ಲ. ಅದು ಅವನು ದುಡಿದು ಸಂಪಾದಿಸಿದ ಹೆಸರು.

ಅವನ ಕೆಲಸವೇ ಸೊನ್ನೆ ಗುರುತಿಸುವುದು. ಕಟ್ಟಡದ ಒಂದು ಮಹಡಿಗೆ ಗೋಡೆ ಎದ್ದ ಮೇಲೆ, ಬೇರೆ ಯಾರೂ ಕೈ ಹಾಕುವ ಮೊದಲು, ಆ ಮಹಡಿಯ ನೆಲ ಕೊನೆಗೆ ಎಲ್ಲಿ ಬಂದು ನಿಲ್ಲಬೇಕೋ ಅದನ್ನು ತೀರ್ಮಾನಿಸಬೇಕು. ಅದು ಆ ಮಹಡಿಯ ಸೊನ್ನೆ. ನೆಲವನ್ನು ಇನ್ನೂ ಹಾಕಿರುವುದಿಲ್ಲವಾದ್ದರಿಂದ, ಅದಕ್ಕಿಂತ ಸರಿಯಾಗಿ ಮೂರಡಿ ಮೇಲೆ, ನೀಲಿ ಹಚ್ಚಿದ ದಾರವನ್ನು ಗೋಡೆಗೆ ಬಿಗಿಯಾಗಿ ಹಿಡಿದು, ಎಳೆದು ಬಿಡುತ್ತಿದ್ದ. ಫಟ್ ಅಂತ ಒಂದು ಗೆರೆ ಮೂಡುತ್ತಿತ್ತು. ಎಲ್ಲ ಕೋಣೆಗಳನ್ನು ಸುತ್ತಿ ಬಂದ ಆ ಗೆರೆ ಹೊರಟ ಜಾಗಕ್ಕೇ ಬಂದು ಕೂಡಬೇಕು. ಆಮೇಲೆ ಬಾಗಿಲು, ಕಿಟಕಿ, ನಲ್ಲಿ, ವಿದ್ಯುತ್ತಿನ ಸ್ವಿಚ್ಚು ಎಲ್ಲಕ್ಕೂ ಅಳತೆ ಆ ಸೊನ್ನೆಯಿಂದಲೇ. ನಾಲ್ಕನೇ ಮಹಡಿಯಲ್ಲಿ ನಿಂತು "ಮೇಸ್ತ್ರಿ, ಕಿಟಕಿ ಎಷ್ಟಕ್ಕೆ?" ಅಂದರೆ "ಮೂರಡಿಗೆ" ಅನ್ನುತ್ತಾರೆ. ನೆಲಮಾಳಿಗೆಯಲ್ಲಿ ಕೇಳಿದರೂ ಮೂರಡಿಗೇ. ರಸ್ತೆಯಿಂದ ಲೆಕ್ಕ ಹಾಕಿ ನಲವತ್ಮೂರಡಿ ಅಂದವನನ್ನು "ತಲೆ ಸರಿ ಇದೆಯೇನಪ್ಪ" ಅಂತ ಕೇಳುತ್ತಾರೆ. ಮಹಡಿಗೊಂದು ಸೊನ್ನೆ, ಆ ಮಹಡಿಯಲ್ಲಿ ಇರುವಷ್ಟು ಹೊತ್ತು ಅದೇ ನೆಲ, ಅದೇ ಲೋಕ. ಕಟ್ಟಡ ಕಟ್ಟುವವರ ರೂಢಿ ಅದು. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆರೆ ಹಾಕುವುದಕ್ಕೆ ಒಬ್ಬನಿಂದ ಆಗುವುದಿಲ್ಲ. ಒಂದು ಉದ್ದನೆಯ ಪಾರದರ್ಶಕ ಕೊಳವೆಗೆ ನೀರು ತುಂಬಿಸಿ, ಒಂದು ತುದಿಯನ್ನು ಒಬ್ಬ ಗುರುತಿನ ಹತ್ತಿರ ಹಿಡಿಯಬೇಕು, ಇನ್ನೊಂದು ತುದಿಯನ್ನು ಇನ್ನೊಬ್ಬ ಪಕ್ಕದ ಕೋಣೆಗೆ ಒಯ್ಯಬೇಕು. ನಡುವೆ ಗೋಡೆ ಇದ್ದರೂ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಲ್ಲುವವರೆಗೂ ಕಾಯಬೇಕು ಅಷ್ಟೇ. ಅಪ್ಪನ ಕೊಳವೆಯ ಇನ್ನೊಂದು ತುದಿಯನ್ನು ಇಪ್ಪತ್ತೆರಡು ವರ್ಷ ಹಿಡಿದವನು ಏಣಿಮಾಮ.

ಏಣಿಮಾಮ ಗಾರೆ ಕೆಲಸದವನು. ಗೋಡೆಗೆ, ಸೂರಿಗೆ ಗಾರೆ ಬಳಿದು ನುಣುಪು ಮಾಡುವುದರಲ್ಲಿ ಎತ್ತಿದ ಕೈ. ಆರಡಿ ಮೂರಂಗುಲದ ಆಳು, ಅದಕ್ಕೇ ಆ ಹೆಸರು. "ನಮ್ಮಮ್ಮ ನನ್ನ ಏಣಿ ಸಮೇತ ಹೆತ್ತಳು" ಅಂತ ತಾನೇ ಹೇಳಿ ನಗುತ್ತಿದ್ದ. ಬೇರೆಯವರು ಸೂರಿಗೆ ಗಾರೆ ಹಚ್ಚಲು ಆರಡಿಯ ಹಲಗೆ ಹತ್ತಬೇಕಾದ ಕಡೆ ಅವನಿಗೆ ನಾಲ್ಕಡಿ ಸಾಕು. ಸಂಬಂಧದಲ್ಲಿ ನಮಗೇನೂ ಆಗಬೇಕಾಗಿಲ್ಲ. ಅವನ ಹೆಂಡತಿ ಅಪ್ಪನನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ಅವಳು ನನಗೆ ಅತ್ತೆ, ಅವನು ಮಾಮ. ಶಾಲೆಗೆ ರಜೆ ಇದ್ದಾಗ ಬುತ್ತಿ ಕೊಡಲು ಹೋದರೆ ಅವರಿಬ್ಬರ ಕೂಗು ಖಾಲಿ ಕೋಣೆಗಳಲ್ಲಿ ಕೇಳುತ್ತಿತ್ತು. ಅಪ್ಪ ಈ ಕಡೆಯಿಂದ "ನಿಂತ್ತಾ?" ಅನ್ನುತ್ತಿದ್ದ. ಮಾಮ ಆ ಕಡೆಯಿಂದ "ಇಲ್ಲ, ತಾಳು, ಇನ್ನೂ ಆಡ್ತಿದೆ" ಅನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ನಿಂತ್ತು." ಆಗ ಅಪ್ಪ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದ.

ಕಾಲೇಜಿಗೆ ಸೇರಿದ ವರ್ಷ ಒಂದು ಸಂಜೆ ಗಟ್ಟಿಯಾಗಿ ಪಾಠ ಉರು ಹೊಡೆಯುತ್ತಿದ್ದೆ. ಎತ್ತರದಲ್ಲಿ ಇರುವ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿ ಅಡಗಿರುತ್ತದೆ, ಅದರ ದ್ರವ್ಯರಾಶಿಯನ್ನು ಗುರುತ್ವದಿಂದಲೂ ಎತ್ತರದಿಂದಲೂ ಗುಣಿಸಿದರೆ ಅದು ಎಷ್ಟೆಂದು ಸಿಗುತ್ತದೆ. ಬಾಗಿಲ ಬಳಿ ಕುಳಿತು ಕರಣೆ ತೊಳೆಯುತ್ತಿದ್ದ ಅಪ್ಪ ಕೇಳಿದ, "ಎತ್ತರ ಅಂದ್ರೆ ಎಲ್ಲಿಂದ?"

"ನೆಲದಿಂದ."

"ಯಾವ ನೆಲ?"

"ತಲೆ ತಿನ್ಬೇಡಪ್ಪ. ನಾಡಿದ್ದು ಪರೀಕ್ಷೆ."

ಅವನು ಎದ್ದು ಹಿತ್ತಲಿಂದ ಒಂದು ಇಟ್ಟಿಗೆ ತಂದು ನನ್ನ ಮೇಜಿನ ಅಂಚಿನಲ್ಲಿ ಇಟ್ಟ. "ಮೇಜಿಂದ ಅಳೆದ್ರೆ ಈ ಇಟ್ಟಿಗೆ ಎತ್ತರ ಸೊನ್ನೆ. ನಿನ್ನ ಲೆಕ್ಕದಲ್ಲಿ ಶಕ್ತಿನೂ ಸೊನ್ನೆ. ಸರಿ ತಾನೆ? ಹಾಗಿದ್ರೆ ನಿನ್ನ ಕಾಲು ಇದರ ಕೆಳಗೆ ಇಡು, ನಾನು ತಳ್ತೀನಿ."

ಅಡುಗೆಮನೆಯಿಂದ ಅಮ್ಮ, "ಮಗಳ ಕಾಲು ಮುರಿದ್ರೆ ನಿಮ್ಮ ಪಾಠ ಮುಗಿಯುತ್ತೇನೋ" ಅಂದಳು. ಅಪ್ಪ ನಗಲಿಲ್ಲ. ನನಗೆ ಅವತ್ತಿನ ಅವನ ಮಾತು ಒಂದಕ್ಷರ ಬಿಡದೆ ನೆನಪಿದೆ. "ಸೊನ್ನೆ ಎಲ್ಲಾದ್ರೂ ಇಟ್ಕೋ ಮಗಳೇ, ತಪ್ಪಿಲ್ಲ. ಇಟ್ಕೊಂಡ್ಮೇಲೆ ಕದಲಿಸ್ಬೇಡ. ಇನ್ನೊಬ್ರಿಗೆ ಅಳತೆ ಹೇಳೋವಾಗ ಎಲ್ಲಿಂದ ಅನ್ನೋದನ್ನ ಸೇರಿಸಿ ಹೇಳು. ಅದಿಲ್ದೆ ಹೇಳಿದ ಅಳತೆ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ."

ಆಮೇಲೆ ಕಾಲೇಜಿನ ಪುಸ್ತಕವನ್ನು ಸರಿಯಾಗಿ ಓದಿದಾಗ ಅದರಲ್ಲೂ ಅದೇ ಇತ್ತು. ಸೊನ್ನೆ ನಮ್ಮ ಆಯ್ಕೆ. ಅದಕ್ಕಿಂತ ಕೆಳಗೆ ಹೋದರೆ ಎತ್ತರ ಋಣವಾಗುತ್ತದೆ, ಶಕ್ತಿಯೂ ಋಣವಾಗುತ್ತದೆ. ಆದರೆ ವಸ್ತು ಬಿದ್ದಾಗ ಬಿಡುಗಡೆಯಾಗುವ ಶಕ್ತಿ ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸ. ಅದು ನಮ್ಮ ಆಯ್ಕೆಗೆ ಬಗ್ಗುವುದಿಲ್ಲ. ಋಣ ಅನ್ನುವುದು ಗೆಳತಿಯರಿಗೆ ಅರ್ಥವಾಗದೆ ಒದ್ದಾಡುತ್ತಿದ್ದರು. ನನಗೆ ನೆಲಮಾಳಿಗೆಯ ಮೆಟ್ಟಿಲು ಗೊತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದ ಇಬ್ಬರು, ಅಪ್ಪ ಮತ್ತು ನಾನು, ಏಣಿಮಾಮನ ವಿಷಯದಲ್ಲಿ ಎಡವಿದೆವು. ಅದನ್ನು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿ ಎಂಟು ವರ್ಷ ಆಗಿತ್ತು. ಅವರಿಬ್ಬರೂ ಐದು ಮಹಡಿಯ ಒಂದು ಕಟ್ಟಡದಲ್ಲಿ ಇದ್ದರು. ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಬರಬೇಕಾದ ಜಾಗದ ಮುಂದೆ, ಮಾಮ ಸೂರಿಗೆ ಗಾರೆ ಹಚ್ಚುತ್ತಿದ್ದ. ಕಬ್ಬಿಣದ ಎರಡು ಸ್ಟ್ಯಾಂಡಿನ ಮೇಲೆ ಹಲಗೆ, ನೆಲದಿಂದ ನಾಲ್ಕಡಿ. ಲಿಫ್ಟಿನ ಬಾಯಿಗೆ ಅಡ್ಡ ಬಡಿದಿದ್ದ ಮರದ ಪಟ್ಟಿಗಳನ್ನು ಬೆಳಿಗ್ಗೆ ಪೈಪು ಎಳೆಯುವುದಕ್ಕೆಂದು ಯಾರೋ ಕಿತ್ತಿದ್ದರು, ಮತ್ತೆ ಹಾಕಿರಲಿಲ್ಲ. ಗಾರೆಯವನು ಒಂದು ಕೈ ಎಳೆದ ಮೇಲೆ ಅರ್ಧ ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ, ನುಣುಪು ಬಂತಾ ಅಂತ. ಮಾಮನೂ ಸರಿದ. ಹಲಗೆ ಮಗುಚಿತು. ಅವನು ನೆಲಕ್ಕೆ ಬೀಳಲಿಲ್ಲ, ತೆರೆದ ಬಾಯಿಗೆ ಬಿದ್ದ. ಅದರ ತಳ ರಸ್ತೆಗಿಂತ ಐದಡಿ ಕೆಳಗಿತ್ತು.

ಅಪ್ಪ ಅದೇ ಮಹಡಿಯ ಇನ್ನೊಂದು ಕೊನೆಯಲ್ಲಿ ಇದ್ದ, ಬಿದ್ದದ್ದನ್ನು ಅಲ್ಲಿಂದಲೇ ಕಂಡ. ನಾಲ್ಕು ಮಹಡಿ ಇಳಿದು, ಗುಂಡಿಗೆ ಇಳಿದು, ಅವನನ್ನು ಎತ್ತಿದವರಲ್ಲಿ ಮೊದಲಿಗ ಅವನೇ. ಉಸಿರು ಆಗಲೇ ನಿಂತಿತ್ತು.

ಅರ್ಧ ಗಂಟೆಯೊಳಗೆ ಕಟ್ಟಡದ ಕಚೇರಿಯಲ್ಲಿ ಇಂಜಿನಿಯರು ಒಂದು ನಮೂನೆ ತುಂಬಿಸುತ್ತಿದ್ದರು. ಕಣ್ಣಾರೆ ಕಂಡವರ ಹೇಳಿಕೆ ಬೇಕಿತ್ತು. "ಮೇಸ್ತ್ರಿ, ಎಷ್ಟು ಎತ್ತರದಲ್ಲಿ ನಿಂತಿದ್ದ ಅವನು?"

ಕೈಗೆ ಅಂಟಿದ ರಕ್ತವನ್ನು ಇನ್ನೂ ತೊಳೆಯದ ಅಪ್ಪ, ಮೂವತ್ನಾಲ್ಕು ವರ್ಷದ ರೂಢಿಯಲ್ಲಿ, ಯಾರಾದರೂ ಕಿಟಕಿ ಎಷ್ಟಕ್ಕೆ ಅಂದಾಗ ಹೇಳುವ ಹಾಗೆ ಹೇಳಿಬಿಟ್ಟ. "ನಾಲ್ಕಡಿ, ಸಾರ್."

ಕೆಳಗೆ ಸಹಿ ಹಾಕಿದ. ಲೋಕಕ್ಕೆಲ್ಲ ಎಲ್ಲಿಂದ, ಎಲ್ಲಿಂದ ಅಂತ ಪಾಠ ಹೇಳುತ್ತಿದ್ದ ಮನುಷ್ಯ ಅವತ್ತು ಅದೊಂದು ಮಾತನ್ನು ಸೇರಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೂರು ವಾರದ ಮೇಲೆ ಅತ್ತೆ ಕಟ್ಟಡದವರು ಕಳಿಸಿದ ಒಂದು ಕಾಗದ ಹಿಡಿದು ಮನೆಗೆ ಬಂದಳು. ಅವಳಿಗೆ ಓದು ಅಷ್ಟಕ್ಕಷ್ಟೆ. ನಾನು ಓದಿ ಹೇಳಿದೆ. ಮೃತರು ನಾಲ್ಕು ಅಡಿ ಎತ್ತರದ ಹಲಗೆಯ ಮೇಲೆ ಕೆಲಸ ಮಾಡುತ್ತಿದ್ದಾಗ ಆಯ ತಪ್ಪಿ ಬಿದ್ದಿರುತ್ತಾರೆ. ಆರು ಅಡಿಗಿಂತ ಕಡಿಮೆ ಎತ್ತರವಾದ್ದರಿಂದ ಸುರಕ್ಷತಾ ಬೆಲ್ಟ್ ಮತ್ತು ಬಲೆಯ ಅಗತ್ಯವಿರಲಿಲ್ಲ. ಸಾವಿಗೆ ಮೃತರ ಸ್ವಂತ ಅಜಾಗರೂಕತೆಯೇ ಕಾರಣ. ಒಂದು ತಿಂಗಳಲ್ಲಿ ತನಿಖಾಧಿಕಾರಿ ಸ್ಥಳಕ್ಕೆ ಬಂದು ನೋಡಿ ಇದನ್ನು ಖಾಯಂ ಮಾಡುತ್ತಾರೆ ಅಂತಲೂ ಇತ್ತು.

"ಅಳತೆ ಸರೀನಾಪ್ಪ?" ಅಂದೆ.

"ನಾಲ್ಕಡಿನೇ. ನಾನೇ ಹೇಳಿದ್ದು" ಅಂದ ಅಪ್ಪ. ನನ್ನ ಮುಖ ನೋಡಲಿಲ್ಲ.

"ಅಳತೆ ಸರಿಯಾಗೇ ಇದೆ ಅತ್ತೆ" ಅಂದೆ ನಾನು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಂಕಿಯೊಂದನ್ನು ನೋಡಿ ಸರಿ ಹಾಕುತ್ತೇವಲ್ಲ, ಹಾಗೆ ಹಾಕಿ ಕಾಗದ ಮಡಚಿ ಕೊಟ್ಟೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ನನ್ನ ವಿಷಯದಲ್ಲಿ ದೀಪವೇ ಆರಿತ್ತು.

ಅತ್ತೆಗೆ ಇನ್ನೊಂದು ವಿಷಯ ಗೊತ್ತಿರಲಿಲ್ಲ. ಅವಳು ಗಂಡನನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಹಲಗೆಯಿಂದ ಬಿದ್ದ ಅಂತ ಮಾತ್ರ ಅವಳಿಗೆ ಹೇಳಿದ್ದರು. ಲಿಫ್ಟಿನ ಗುಂಡಿಯ ಮಾತನ್ನು ಅಪ್ಪ ಅವಳ ಮುಂದೆ ಎತ್ತಲೇ ಇಲ್ಲ, ನಮಗೂ ಎತ್ತಬೇಡಿ ಅಂದಿದ್ದ. ಅಷ್ಟು ಆಳಕ್ಕೆ ಹೋದ ಅಂತ ಕೇಳಿದರೆ ಅವಳು ಪ್ರತಿ ರಾತ್ರಿ ಆ ಆಳ ಲೆಕ್ಕ ಹಾಕುತ್ತಾಳೆ ಅನ್ನುವುದು ಅವನ ಸಂಕಟ. ಕರುಣೆಯಿಂದ ಮುಚ್ಚಿಟ್ಟದ್ದೇ ಸುಳ್ಳಿಗೆ ಅನುಕೂಲವಾಯಿತು.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಅತ್ತೆಯ ಮನೆಯ ಬೀದಿಯಲ್ಲಿ ಸಾಲಾಗಿ ಅಂಗಡಿಗಳಿವೆ, ಮೊದಲನೆಯದು ದರ್ಜಿಯದು. ಕೊರಳಿಗೆ ಟೇಪು ಹಾಕಿಕೊಂಡು ಹೋಗುವವರನ್ನು ಬರುವವರನ್ನು ಮಾತಾಡಿಸುವುದು ಅವನಿಗೆ ಹೊಲಿಗೆಗಿಂತ ಮುಖ್ಯ. "ನಾಲ್ಕಡಿ ಅಂದ್ರೆ ನನ್ನ ಟೇಪಿಗಿಂತ ಗಿಡ್ಡ" ಅಂದನಂತೆ ಅವನು. "ಅಷ್ಟರಿಂದ ಬಿದ್ದು ಸತ್ತ ಅಂದ್ರೆ ಹೊಟ್ಟೇಲಿ ಏನೋ ಇತ್ತು ಬಿಡಿ." ಕೇಳಿದವರು ನಕ್ಕರಂತೆ. ಏಣಿಮಾಮ ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಕೆಮ್ಮಿನ ಔಷಧಿ ಕುಡಿದರೂ ತಲೆ ತಿರುಗುತ್ತೆ ಅನ್ನುತ್ತಿದ್ದ. ಎರಡು ವಾರದಲ್ಲಿ ಆ ಮಾತು ಅವನ ಮಗಳ ಶಾಲೆಗೂ ಹೋಯಿತು. ಕುಡಿದು ಸತ್ತವನ ಮಗಳು ಅಂತ ಯಾರೋ ಅಂದರು. ಎಂಟನೇ ತರಗತಿಯ ಹುಡುಗಿ ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ.

ಆಗ ಅತ್ತೆ ಮತ್ತೆ ಬಂದಳು. ಅಪ್ಪ ಊಟಕ್ಕೆ ಕುಳಿತಿದ್ದ. ಅವಳು ಕೂರಲಿಲ್ಲ.

"ಅಣ್ಣ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಾಲ್ಕಡಿಯಿಂದ ಬಿದ್ದು ಯಾರಾದ್ರೂ ಸಾಯ್ತಾರಾ?"

ಅಪ್ಪ ತುತ್ತು ಕೆಳಗಿಟ್ಟ.

"ಅವರು ಕುಡಿದಿದ್ರಾ ಅಣ್ಣ? ಕುಡಿದಿದ್ರೆ ಕುಡಿದಿದ್ರು ಅಂತ ಹೇಳಿಬಿಡಿ. ಮಗಳಿಗೆ ಏನು ಹೇಳ್ಬೇಕು ಅಂತ ನನಗೆ ಗೊತ್ತಾಗ್ಬೇಕು. ಪರಿಹಾರ ಬರ್ಲಿ ಬಿಡ್ಲಿ, ನನಗೆ ಬೇಕಾಗಿಲ್ಲ. ಆ ಕಾಗದದಲ್ಲಿ ಅವರ ಹೆಸರಿನ ಪಕ್ಕ ಇರೋ ಮಾತು ನಿಜಾನಾ ಸುಳ್ಳಾ, ಅಷ್ಟು ಹೇಳಿ."

ಅಪ್ಪ ಎದ್ದು ಕೈ ತೊಳೆದು ಬಂದ. ಗೋಡೆಗೆ ಒರಗಿ ನಿಂತು, ಲಿಫ್ಟಿನ ಬಾಯಿ, ಕಿತ್ತ ಪಟ್ಟಿ, ಗುಂಡಿ, ಒಂದೂ ಬಿಡದೆ ಹೇಳಿದ. "ನಾಲ್ಕಡಿ ಅಂತ ಹೇಳಿದ್ದು ನಾನು ತಂಗಿ. ಎಲ್ಲಿಂದ ಅಂತ ಹೇಳ್ಲಿಲ್ಲ. ಎಲ್ಲೀವರೆಗೆ ಅಂತ ಅವರು ಕೇಳ್ಲಿಲ್ಲ. ಆ ಸಂದಿನಲ್ಲಿ ನನ್ನ ಗೆಳೆಯನ್ನ ಕುಡುಕ ಮಾಡಿಬಿಟ್ರು."

ಅತ್ತೆ ಅಳುತ್ತಾಳೆ ಅಂದುಕೊಂಡೆ. ಅವಳು ಒಂದು ದೊಡ್ಡ ಉಸಿರು ಬಿಟ್ಟು, ಆಗ ಕೂತಳು.

ಅವಳು ಹೋದ ಮೇಲೆ ನಾನು ಒಂದು ಹಾಳೆ ತೆಗೆದು, ಇಪ್ಪತ್ತು ದಿನದ ಹಿಂದೆಯೇ ಹಾಕಬೇಕಿದ್ದ ಲೆಕ್ಕ ಹಾಕಿದೆ. ನಾಲ್ಕನೇ ಮಹಡಿಯ ನೆಲವನ್ನು ಸೊನ್ನೆ ಅಂದುಕೊಂಡರೆ ಮಾಮ ನಿಂತದ್ದು ನಾಲ್ಕರಲ್ಲಿ, ಬಿದ್ದದ್ದು ಸೊನ್ನೆಯನ್ನು ದಾಟಿ ಋಣ ನಲವತ್ತೈದಕ್ಕೆ. ಗುಂಡಿಯ ತಳವನ್ನು ಸೊನ್ನೆ ಅಂದುಕೊಂಡರೆ ನಲವತ್ತೊಂಬತ್ತರಿಂದ ಸೊನ್ನೆಗೆ. ಹಲಗೆಯನ್ನೇ ಸೊನ್ನೆ ಅಂದರೆ ಸೊನ್ನೆಯಿಂದ ಋಣ ನಲವತ್ತೊಂಬತ್ತಕ್ಕೆ. ಎಲ್ಲಿಟ್ಟರೂ ಬಿದ್ದದ್ದು ನಲವತ್ತೊಂಬತ್ತು ಅಡಿ. ನಾಲ್ಕಡಿಯಿಂದ ಬಿದ್ದದ್ದಕ್ಕಿಂತ ಹನ್ನೆರಡು ಪಟ್ಟು ಹೆಚ್ಚಿನ ಹೊಡೆತ. ಆ ಕಾಗದದವರು ಶುರುವಿನ ಅಂಕಿ ಬರೆದು ಕೊನೆಯದನ್ನು ನುಂಗಿದ್ದರು. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಮಾರನೆಯ ದಿನ ಅಪ್ಪ ಇಂಜಿನಿಯರನ್ನು ಕಂಡು, ಹೇಳಿಕೆ ಅರ್ಧ ಆಗಿದೆ, ಪೂರ್ತಿ ಬರೆಯಿರಿ ಅಂದ. ಇಂಜಿನಿಯರು ಕೂಗಾಡಲಿಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, ಮೆಲ್ಲಗೆ ಅಂದರಂತೆ, "ಮೇಸ್ತ್ರಿ, ಮೂವತ್ನಾಲ್ಕು ವರ್ಷದಲ್ಲಿ ಒಂದು ಅಳತೆ ಬದಲಾಯಿಸಿದವರಲ್ಲ ನೀವು. ಸಹಿ ಹಾಕಿದ ಅಳತೇನೇ ಬದಲಾಯಿಸ್ತೀರಿ ಅಂತಾದ್ರೆ ನಾಳೆ ನಿಮ್ಮ ಗೆರೇನ ಯಾರು ನಂಬ್ತಾರೆ?"

ಬಾಣ ತಾಗಬೇಕಾದ ಕಡೆಯೇ ತಾಗಿತು. ಅಪ್ಪನಿಗೆ ಇದ್ದ ಒಂದೇ ಆಸ್ತಿ ಅದು. ಸೊನ್ನೆ ಮೇಸ್ತ್ರಿ ಹಾಕಿದ ಗೆರೆಯನ್ನು ಎರಡನೇ ಸಲ ಅಳೆಯಬೇಕಾಗಿಲ್ಲ ಅಂತ ಊರಿಡೀ ಹೇಳುತ್ತಿತ್ತು. ಎರಡು ದಿನ ಅವನು ಬಾಗಿಲ ಬಳಿ ಕೂತು ತೊಳೆದ ಕರಣೆಯನ್ನೇ ಮತ್ತೆ ಮತ್ತೆ ತೊಳೆದ. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. "ನಿನಗೆ ನಿನ್ನ ಹೆಸರೇ ಹೆಚ್ಚಾಯ್ತಾ? ಇಪ್ಪತ್ತೆರಡು ವರ್ಷ ಕೊಳವೆ ಹಿಡಿದವನು ಲೆಕ್ಕಕ್ಕಿಲ್ವಾ?" ಅಂದುಬಿಟ್ಟೆ. ಅಪ್ಪ ನನ್ನನ್ನು ಸುಮ್ಮನೆ ನೋಡಿದ. ಆ ನೋಟ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ, ಯಾಕೆಂದರೆ ಅವನು ಅಷ್ಟರಲ್ಲಿ ಹೊಸ ದಾರ ಕೊಂಡು ತಂದು ಅದರ ತುದಿಗೆ ತೂಕದ ಗುಂಡು ಕಟ್ಟಿಟ್ಟಿದ್ದ. ಅರವತ್ತು ಅಡಿ ದಾರ.

ತನಿಖಾಧಿಕಾರಿ ಬಂದ ದಿನ ನಾನು ರಜೆ ಹಾಕಿ ಹೋದೆ. ಅಧಿಕಾರಿ ಐವತ್ತರ ಹೆಂಗಸು, ದಪ್ಪ ಕನ್ನಡಕ, ಅವತ್ತು ಇನ್ನೂ ಎರಡು ಕಡೆ ಹೋಗಬೇಕು ಅಂತ ಬರುವಾಗಲೇ ಹೇಳಿದರು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಯಿಗೆ ಈಗ ಹೊಸ ಪಟ್ಟಿ ಬಡಿದಿತ್ತು. ಮೇಲೆ ಸೂರು ಅರ್ಧಕ್ಕೇ ನಿಂತಿತ್ತು. ಮಾಮ ಕೊನೆಯದಾಗಿ ಕರಣೆ ಎಳೆದ ಗುರುತು ಕಮಾನಿನ ಹಾಗೆ ಬಾಗಿ ಬಂದು ನಿಂತದ್ದು ಒಣಗಿ ಹಾಗೇ ಇತ್ತು.

"ಇವರ ಹೇಳಿಕೆ ಇದೆಯಲ್ಲ, ನಾಲ್ಕಡಿ ಅಂತ" ಅಂದರು ಅಧಿಕಾರಿ, ಹಾಳೆ ಮಗುಚುತ್ತ.

"ಇದೆ ಮೇಡಂ" ಅಂದ ಅಪ್ಪ. "ಅದನ್ನ ಪೂರ್ತಿ ಮಾಡೋಕೆ ಬಂದೆ."

"ಬದಲಾಯಿಸ್ತೀರಾ?"

"ಅಳತೆ ಬದಲಾಗಲ್ಲ ಮೇಡಂ. ನಾಲ್ಕಡಿನೇ. ಆದ್ರೆ ಅದು ಈ ನೆಲದಿಂದ ನಾಲ್ಕಡಿ. ಅವನು ಈ ನೆಲಕ್ಕೆ ಬೀಳ್ಲಿಲ್ಲ. ಅದನ್ನ ಹೇಳ್ದೆ ಸಹಿ ಹಾಕಿದ್ದು ನನ್ನ ತಪ್ಪು, ಬರ್ಕೊಳ್ಳಿ. ಅವನ ತಪ್ಪಲ್ಲ."

ಇಂಜಿನಿಯರು ಏನೋ ಹೇಳಲು ಬಂದರು. ಅಧಿಕಾರಿ ಕೈ ಎತ್ತಿ ತಡೆದು, "ತೋರಿಸಿ" ಅಂದರು.

ಅಪ್ಪ ಪಟ್ಟಿಗಳನ್ನು ಬಿಡಿಸಿ, ಎರಡು ಸ್ಟ್ಯಾಂಡು ತಂದು, ಮಾಮ ಇಟ್ಟುಕೊಂಡಿದ್ದ ಜಾಗದಲ್ಲೇ ಹಲಗೆ ಇಟ್ಟ. ಕೆಳಗೆ ಗುಂಡಿಯಲ್ಲಿ ದಾರದ ತುದಿ ನೋಡಿ ಹೇಳುವವರು ಬೇಕಿತ್ತು. ಕೆಲಸದವರಲ್ಲಿ ಒಬ್ಬ ಹೊರಟ. ಅತ್ತೆ, "ನಾನು ಹೋಗ್ತೀನಿ" ಅಂದಳು. ಬೇಡ ಅಂತ ಅಪ್ಪ ಅಂದ, ನಾನೂ ಅಂದೆ. ಕಡ್ಡಿ ಮುರಿದ ಹಾಗೆ "ನಾನೇ ಹೋಗ್ತೀನಿ" ಅಂದು ಮೆಟ್ಟಿಲು ಇಳಿದಳು.

ಅರವತ್ತೊಂದರ ಅಪ್ಪ ಹಲಗೆಗೆ ಕಾಲಿಟ್ಟ. ಒಂದು ಪಾದ ಲಿಫ್ಟಿನ ಬಾಯಿಯ ಕಡೆಗಿತ್ತು. ಆಗ ಇಂಜಿನಿಯರು ತಡೆಯಲಾರದೆ, "ಮೇಸ್ತ್ರಿ, ಬೆಲ್ಟ್ ಹಾಕ್ಕೊಳ್ಳಿ, ಬೆಲ್ಟ್" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಅದನ್ನು ನಾನು ಒಪ್ಪುತ್ತೇನೆ.

ಅಧಿಕಾರಿ ಕನ್ನಡಕದ ಮೇಲಿಂದ ಅವರನ್ನು ನೋಡಿದರು. "ನಾಲ್ಕಡಿಗೆ ಬೆಲ್ಟ್ ಬೇಕಾಗಿಲ್ಲ ಅಂತ ಬರೆದಿದ್ದೀರಲ್ಲ."

ಬೆಲ್ಟ್ ತಂದರು. ಅಪ್ಪ ಹಾಕಿಕೊಂಡು, ಹಲಗೆಯ ಅಂಚಿನಿಂದ ತೂಕದ ಗುಂಡನ್ನು ಇಳಿಬಿಟ್ಟ. ದಾರ ಬೆರಳ ಸಂದಿಯಿಂದ ಜಾರುತ್ತಾ ಹೋಯಿತು. ನಾಲ್ಕಡಿಗೆ ನೆಲದ ಅಂಚು ದಾಟಿತು. ಮೂರನೇ ಮಹಡಿ ದಾಟಿತು, ಎರಡನೆಯದು ದಾಟಿತು. ಇನ್ನೂ ಜಾರುತ್ತಲೇ ಇತ್ತು. ಲೆಕ್ಕ ಹಾಕಿದ್ದ ನನಗೂ ಅದು ಅಷ್ಟು ಹೊತ್ತು ಹಿಡಿಯುತ್ತದೆ ಅಂತ ಗೊತ್ತಿರಲಿಲ್ಲ.

"ನಿಂತ್ತಾ?" ಅಂತ ಅಪ್ಪ ಕೂಗಿದ.

ಅಪ್ಪನ ಕೈ ಹಾಗೇ ನಿಂತಿತು. ಆಮೇಲೆ ಆಳದಿಂದ ಅತ್ತೆಯ ಧ್ವನಿ ಬಂತು, ಸಣ್ಣಗೆ, ಆದರೆ ಸ್ಪಷ್ಟವಾಗಿ.

"ಇಲ್ಲ ಅಣ್ಣ. ತಾಳಿ. ಇನ್ನೂ ಆಡ್ತಿದೆ."

ಅಪ್ಪ ಇನ್ನಷ್ಟು ಬಿಟ್ಟ. ದಾರ ಸಡಿಲವಾಯಿತು.

"ನಿಂತ್ತು" ಅಂದಳು ಅತ್ತೆ.

ಅಪ್ಪ ಹಲಗೆಯ ಮಟ್ಟಕ್ಕೆ ದಾರದಲ್ಲಿ ಒಂದು ಗಂಟು ಹಾಕಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೆಲದ ಮಟ್ಟದಲ್ಲಿ ನೀಲಿ ಹಚ್ಚಲು ನನಗೆ ಹೇಳಿದ, ನಾನು ಮಂಡಿಯೂರಿ ಹಚ್ಚಿದೆ. ದಾರವನ್ನು ಮೇಲೆಳೆದು ಮೊಗಸಾಲೆಯ ಉದ್ದಕ್ಕೂ ಹಾಸಿ ಟೇಪಿನಿಂದ ಅಳೆದರು. ನಲವತ್ತೊಂಬತ್ತು ಅಡಿ ಎರಡಂಗುಲ. ಅಧಿಕಾರಿ ತಾವೇ ಬಗ್ಗಿ ಅಂಕಿ ನೋಡಿ, ನಿಂತುಕೊಂಡೇ ಬರೆದರು. "ಎಲ್ಲಿಂದ, ಎಲ್ಲೀವರೆಗೆ, ಎರಡೂ ಹೇಳಿ ಮೇಸ್ತ್ರಿ" ಅಂದರು. ಅಪ್ಪ ಎರಡನ್ನೂ ಹೇಳಿದ.

ಆರು ವಾರಕ್ಕೆ ಹೊಸ ಕಾಗದ ಬಂತು. ಸ್ವಂತ ಅಜಾಗರೂಕತೆ ಅನ್ನುವ ಸಾಲು ಅದರಲ್ಲಿ ಇರಲಿಲ್ಲ. ತೆರೆದಿಟ್ಟ ಲಿಫ್ಟಿನ ಬಾಯಿ ಅಂತ ಇತ್ತು, ನಲವತ್ತೊಂಬತ್ತು ಅಡಿ ಅಂತ ಇತ್ತು. ಆ ಕಟ್ಟಡದವರು ಅಪ್ಪನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ, ಅವರ ಪರಿಚಯದವರೂ ಕರೆಯಲಿಲ್ಲ. ಅಪ್ಪ ಕೊನೆಯ ಒಂಬತ್ತು ವರ್ಷ ಸಣ್ಣಪುಟ್ಟ ಮನೆಗಳಿಗೆ ಗೆರೆ ಹಾಕಿಕೊಂಡು ಕಳೆದ. ಕೊಳವೆಯ ಇನ್ನೊಂದು ತುದಿಗೆ ಸಿಕ್ಕವರನ್ನು ಕರೆದುಕೊಳ್ಳುತ್ತಿದ್ದ. ಯಾರಾದರೂ ಅವಸರ ಮಾಡಿ "ನಿಂತ್ತು" ಅಂದರೆ, "ನಿಂತಿಲ್ಲ, ಸುಳ್ಳು ಹೇಳ್ಬೇಡ" ಅನ್ನುತ್ತಿದ್ದ. ಸಾಯುವ ಹಿಂದಿನ ತಿಂಗಳವರೆಗೂ ಗೆರೆ ಹಾಕಿದ. ಸೊನ್ನೆ ಮೇಸ್ತ್ರಿಯ ಗೆರೆಯನ್ನು ನಂಬುವುದಿಲ್ಲ ಅಂತ ಯಾರೂ ಅನ್ನಲಿಲ್ಲ.

ಆ ದಾರವನ್ನು ಅಪ್ಪ ಇಟ್ಟುಕೊಳ್ಳಲಿಲ್ಲ. ಗಂಟು ಬಿದ್ದ ದಾರ ಕೆಲಸಕ್ಕೆ ಬರುವುದಿಲ್ಲ. ನೀಲಿ ಹಚ್ಚಿದ ಕಡೆ ಇನ್ನೊಂದು ಗಂಟು ಹಾಕಿ, ಗುಂಡಿನ ಸಮೇತ ಸುತ್ತಿ ಅತ್ತೆಯ ಕೈಗೆ ಕೊಟ್ಟು, "ಇನ್ನು ಯಾರಾದ್ರೂ ನಾಲ್ಕಡಿ ಅಂದ್ರೆ ಮಾತಾಡ್ಬೇಡ ತಂಗಿ, ಇದನ್ನ ತೋರ್ಸು" ಅಂದಿದ್ದ.

ಹೊಸ ಕಾಗದ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಮಗಳನ್ನು ಶಾಲೆಯ ಬಟ್ಟೆಯಲ್ಲಿ ಹೊರಡಿಸಿಕೊಂಡು ಬೀದಿಗೆ ಬಂದಳು. ಅವರನ್ನು ಶಾಲೆಗೆ ಕರೆದೊಯ್ಯಲು ನಾನೂ ಹೋಗಿದ್ದೆ. ದರ್ಜಿ ಆಗ ತಾನೇ ಅಂಗಡಿ ತೆಗೆದಿದ್ದ, ಚಹಾ ಕುಡಿಯುತ್ತ ನಾಲ್ಕು ಜನ ನಿಂತಿದ್ದರು. ಅತ್ತೆ ದಾರ ಬಿಚ್ಚಿ, ಮೊದಲ ಗಂಟನ್ನು ಅವನ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಿ" ಅಂದಳು. ಅವನು ಏನೂ ತಿಳಿಯದೆ ಹಿಡಿದುಕೊಂಡ. ಅವಳು ಎರಡು ಹೆಜ್ಜೆ ಹೋಗಿ ಎರಡನೇ ಗಂಟಿನ ಹತ್ತಿರ ನಿಂತಳು.

"ಇಲ್ಲಿಗೆ ನಾಲ್ಕಡಿ. ನೀವು ಹೇಳಿದ್ದು ಇಷ್ಟು."

ಆಮೇಲೆ ದಾರ ಬಿಡುತ್ತ ನಡೆದಳು. ಮಗಳು ಪಕ್ಕದಲ್ಲೇ ನಡೆದಳು. ದರ್ಜಿಯ ಅಂಗಡಿ ದಾಟಿದರು, ಸೈಕಲ್ ರಿಪೇರಿಯವನದು ದಾಟಿದರು, ಪಾತ್ರೆ ಅಂಗಡಿ ದಾಟಿದರು, ಔಷಧಿ ಅಂಗಡಿ ದಾಟಿದರು. ಐದನೇ ಅಂಗಡಿಯ ಮುಂದೆ ದಾರ ಬಿಗಿಯಾಯಿತು. ಅತ್ತೆ ಬಗ್ಗಿ ತೂಕದ ಗುಂಡನ್ನು ನೆಲದ ಮೇಲಿಟ್ಟು, ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಅವರು ಬಿದ್ದಿದ್ದು ಇಲ್ಲಿಗೆ."

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಅತ್ತೆ ದಾರವನ್ನು ಸುತ್ತಿಕೊಳ್ಳುತ್ತ ನಿಧಾನವಾಗಿ ವಾಪಸು ಬಂದಳು. ಅವಳು ಬಂದು ಬೆರಳು ಬಿಡಿಸಿ ಗಂಟನ್ನು ತೆಗೆದುಕೊಳ್ಳುವವರೆಗೂ ದರ್ಜಿ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದ.